ಓದು, ಓದಿಕೆ, ರಿವಾಯತು: ಧಾರವಾಡ ಸೀಮೆಯ ಮುಸ್ಲಿಮರ ಮೊದಲ ಧರ್ಮಪಾಠ

೧

ಧಾರವಾಡ ಸೀಮೆಯ ಹಳ್ಳಿಗಳಲ್ಲಿ 'ಓದು' ಎಂಬ ಕ್ರಿಯಾಪದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಸಾಲಿಗೆ ಹೋದ ಹುಡುಗ ಕನ್ನಡ ಪುಸ್ತಕವನ್ನು ಓದುತ್ತಾನೆ. ಅಲ್ಲಿ ಓದುವುದೆಂದರೆ ಅಕ್ಷರ ಕೂಡಿಸಿ ಅರ್ಥ ತಿಳಿಯುವುದು. ಅದೇ ಹುಡುಗ ಮುಂಜಾನೆ ಅಥವಾ ಸಂಜೆ ಮಸೀದಿಯಲ್ಲಿ ಕುಳಿತು 'ಕಾಯದಾ' ಓದುತ್ತಾನೆ. ಅಲ್ಲಿ ಓದುವುದೆಂದರೆ ಅಕ್ಷರವನ್ನು ನೋಡಿ ಅದರ ಧ್ವನಿಯನ್ನು ತಪ್ಪಿಲ್ಲದೆ ಹೊರಡಿಸುವುದು. ಇನ್ನು ದರ್ಗಾಕ್ಕೆ ಹೋದ ಹೆಣ್ಣುಮಗಳು, ಆಕೆ ಯಾವ ಜಾತಿಯವಳೇ ಆಗಿರಲಿ, 'ಸಕ್ಕರಿ ಓದಿಸಿಕೊಂಡು' ಬರುತ್ತಾಳೆ. ಮುಲ್ಲಾ ಅಥವಾ ಮುಜಾವರರು ಸಕ್ಕರೆಯ ಮುಂದೆ ಫಾತೆಹಾ ಹೇಳಿ ಕೊಟ್ಟರೆ ಅದು 'ಓದಿಕೆ'ಯಾದ ಸಕ್ಕರೆ. ಓದಿದವರು ಬೇರೆ, ಓದಿಸಿದವರು ಬೇರೆ. ಫಲ ಮಾತ್ರ ಓದಿಸಿದವರಿಗೆ.

ಈ ಮೂರೂ ಅರ್ಥಗಳು ಒಂದೇ ಪದದಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲ. 'ಕುರ್‌ಆನ್' ಎಂಬ ಹೆಸರಿನ ಮೂಲದಲ್ಲಿಯೇ ಓದು ಮತ್ತು ಪಠಣ ಎಂಬ ಎರಡೂ ಅರ್ಥಗಳಿವೆ. ಪ್ರವಾದಿಯವರಿಗೆ ಮೊದಲು ಇಳಿದ ಮಾತು 'ಓದು' ಎಂಬ ಆಜ್ಞೆಯೆಂದು ಇಸ್ಲಾಮಿನ ಪರಂಪರೆ ನಂಬುತ್ತದೆ. ಬೊಳುವಾರು ಮಹಮದ್ ಕುಂಞಿ ಅವರು ಪ್ರವಾದಿಯ ಬದುಕನ್ನು ಕುರಿತ ತಮ್ಮ ಕಾದಂಬರಿಗೆ 'ಓದಿರಿ' ಎಂದು ಹೆಸರಿಟ್ಟುದು ಇದೇ ನೆನಪಿನಿಂದ. ಆದರೆ ಆ ಆಜ್ಞೆಯನ್ನು ಅರಬ್ಬೀ ತಿಳಿಯದ, ಉರ್ದುವೂ ಪೂರ್ತಿ ತನ್ನದಲ್ಲದ, ಕನ್ನಡದಲ್ಲಿಯೇ ಬದುಕುವ ಒಬ್ಬ ಹಳ್ಳಿಯ ಮುಸ್ಲಿಮನು ಯಾವ ಭಾಷೆಯಲ್ಲಿ ಪಾಲಿಸಬೇಕು? ಧರ್ಮವನ್ನು ಹೊಸದಾಗಿ ಕಲಿಯತೊಡಗಿದವನಿಗೆ ಅದರ ಅರ್ಥ ಯಾವ ನಾಲಿಗೆಯಿಂದ ಸಿಕ್ಕಿತು?

ಈ ಪ್ರಶ್ನೆಯನ್ನು ನಮ್ಮ ಜಾನಪದ ವಿಮರ್ಶೆ ಸಾಕಷ್ಟು ಕೇಳಿಲ್ಲ. ಮೊಹರಮ್ಮಿನ ರಿವಾಯತ ಪದಗಳನ್ನೂ ಶಿಶುನಾಳ ಶರೀಫರ ತತ್ವಪದಗಳನ್ನೂ 'ಹಿಂದೂ-ಮುಸ್ಲಿಂ ಭಾವೈಕ್ಯ'ದ ಕುರುಹುಗಳೆಂದು ಗೌರವಿಸಿ ಅಲ್ಲಿಗೆ ನಿಲ್ಲುವುದು ರೂಢಿಯಾಗಿದೆ. ಆ ಗೌರವ ಸುಳ್ಳಲ್ಲ, ಆದರೆ ಅಪೂರ್ಣ. ಈ ಪಠ್ಯಗಳು ಎರಡು ಧರ್ಮಗಳ ಕೂಡುಗೆರೆಯಲ್ಲಿ ಹುಟ್ಟಿದ ಹೂಗಳು ಮಾತ್ರವಲ್ಲ, ಒಂದು ಧರ್ಮದ ಆರಂಭಿಕರಿಗೆ ಆ ಧರ್ಮವನ್ನು ಕನ್ನಡದಲ್ಲಿ ಕಲಿಸಿದ ಪಾಠಗಳು ಎಂಬುದು ಪ್ರಸ್ತುತ ಲೇಖನದ ವಾದ.

೨

ನವಲಗುಂದ, ಅಣ್ಣಿಗೇರಿ ಸೀಮೆಯ ಎರಿನೆಲದ ಊರಾದ ಶಲವಡಿಯನ್ನೇ ಈ ಪ್ರಶ್ನೆಯ ನೆಲೆಯಾಗಿ ಇಟ್ಟುಕೊಳ್ಳಬಹುದು. ಜೋಳ, ಕಡಲೆ, ಹತ್ತಿಗಳ ಈ ಬಯಲಿನ ಯಾವುದೇ ಊರಿನಂತೆ ಇಲ್ಲಿಯೂ ಹೊಲ, ಸಂತೆ, ಸಾಲಿ, ಪಂಚಾಯತಿಗಳ ಭಾಷೆ ಕನ್ನಡ. ಈ ಸೀಮೆಯ ಮುಸ್ಲಿಂ ಮನೆಗಳ ಭಾಷೆ ಒಂದೇ ಬಗೆಯದಲ್ಲ. ಹಲವರ ಮನೆಮಾತು ದಖನಿ. ಹತ್ತಿ ಹಿಂಜುವ ಕಸುಬಿನಿಂದ ಹೆಸರು ಪಡೆದ ಪಿಂಜಾರ, ನದಾಫ ಮನೆತನಗಳಲ್ಲಿ ಅನೇಕರ ಮನೆಮಾತೇ ಕನ್ನಡ. ದಖನಿ ಮಾತನಾಡುವವರಿಗೂ ಪುಸ್ತಕದ ಉರ್ದು ಸಹಜವಾಗಿ ಬರುವುದಿಲ್ಲ. 'ಬೇಡ' ಎನ್ನಲು 'ನಕ್ಕೋ' ಎನ್ನುವ, 'ಲೋಗ್' ಎಂಬುದನ್ನು 'ಲೋಗಾಂ' ಎಂದು ಬಹುವಚನ ಮಾಡುವ ಈ ಮಾತಿಗೂ ಲಖನೌ ಅಥವಾ ದಿಲ್ಲಿಯ ಗ್ರಂಥಗಳ ಉರ್ದುವಿಗೂ ಅಂತರ ದೊಡ್ಡದು.

ಹೀಗಾಗಿ ಧರ್ಮಪಾಠಕ್ಕೆ ಕುಳಿತ ಮಗು ಏಕಕಾಲಕ್ಕೆ ಎರಡು ಅಪರಿಚಿತ ಭಾಷೆಗಳನ್ನು ಎದುರಿಸುತ್ತದೆ. ಕಲಿಯಬೇಕಾದ ಪಠ್ಯ ಅರಬ್ಬಿಯಲ್ಲಿದೆ. ಅದನ್ನು ವಿವರಿಸುವ ಭಾಷೆ ಗ್ರಾಂಥಿಕ ಉರ್ದು. ಕರಾವಳಿಯಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಬ್ಯಾರಿಗಳ ಮದರಸಾಗಳಲ್ಲಿ ಅರಬ್ಬಿ-ಮಲಯಾಳಂ ಲಿಪಿಯ ಪರಂಪರೆಯಿದ್ದುದರಿಂದ ಧರ್ಮಪಾಠದ ವಿವರಣೆ ಮನೆಮಾತಿಗೆ ಹತ್ತಿರವಾದ ಭಾಷೆಯಲ್ಲಿ, ಕುರ್‌ಆನಿನದೇ ಲಿಪಿಯಲ್ಲಿ ದೊರೆಯುತ್ತಿತ್ತು. ಧಾರವಾಡದ ಬಯಲುಸೀಮೆಯಲ್ಲಿ ಕನ್ನಡಕ್ಕೆ ಅಂತಹ ಒಂದು ಧಾರ್ಮಿಕ ಲಿಪಿ ಹುಟ್ಟಲಿಲ್ಲ. ಆದಿಲಶಾಹಿಯಿಂದ ಸವಣೂರು ನವಾಬರವರೆಗೆ ಆಳಿದವರ ಬರವಣಿಗೆಯ ಭಾಷೆ ಪಾರಸಿಯಾಗಿತ್ತು. ಪಾರಸಿಯ ಆ ಸ್ಥಾನವನ್ನು ಮುಂದೆ ಧರ್ಮದ ಮಟ್ಟಿಗೆ ಉರ್ದು ತುಂಬಿತು.

ಆದರೂ ಮಗು ಕಲಿಯುತ್ತದೆ; ಹೇಗೆ ಕಲಿಯುತ್ತದೆಂಬುದು ಗಮನಾರ್ಹ. ಸಂಪ್ರದಾಯದಂತೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನಕ್ಕೆ 'ಬಿಸ್ಮಿಲ್ಲಾ' ಮಾಡಿಸುವುದು ಮುಸ್ಲಿಂ ಮನೆಗಳ ಅಕ್ಷರಾಭ್ಯಾಸ. ಇದು ಕನ್ನಡದ ಓನಾಮಕ್ಕೆ ಸಮಾನವಾದ ಆಚರಣೆ. ಆಮೇಲೆ ಕಾಯದಾ, ಅದಾದ ಮೇಲೆ ಚಿಕ್ಕ ಅಧ್ಯಾಯಗಳಿರುವ ಕೊನೆಯ ಪಾರಾ, ಅನಂತರ ಮೂವತ್ತೂ ಪಾರಾಗಳ 'ನಾಜಿರಾ' ಓದು, ಅಂದರೆ ನೋಡಿಕೊಂಡು ಓದುವುದು. ಕಾಯದಾದಲ್ಲಿ ಅಕ್ಷರಕ್ಕೆ ಸ್ವರ ಕೂಡಿಸುವಾಗ ಮಕ್ಕಳು ಜಬರ್, ಜೇರ್, ಪೇಶ್ ಎಂಬ ಚಿಹ್ನೆಗಳ ಹೆಸರನ್ನು ಗಟ್ಟಿಯಾಗಿ ಹೇಳುತ್ತ ಹಿಜ್ಜೆ ಮಾಡುತ್ತಾರೆ. ಇದು ತಲೆಕಟ್ಟು, ಗುಡಿಸು, ಕೊಂಬುಗಳ ಹೆಸರು ಹೇಳಿ ಕಾಗುಣಿತ ಒಪ್ಪಿಸುವ ಕನ್ನಡ ಸಾಲಿಯ ಪದ್ಧತಿಯೇ. ಒಂದು ಲಿಪಿ ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ಆದರೆ ಎರಡರ ಕಲಿಕೆಯೂ ಸಾಮೂಹಿಕ ಧ್ವನಿಯಿಂದಲೇ ಆಗುತ್ತದೆ. ಮಗ್ಗಿ ಹೇಳುವ ನಾಲಿಗೆಗೆ ಕಾಯದಾ ಹೊಸತಲ್ಲ.

ಕಷ್ಟವಿರುವುದು ಧ್ವನಿಗಳಲ್ಲಿ. ಅರಬ್ಬಿಯ ಇಪ್ಪತ್ತೆಂಟು ಅಕ್ಷರಗಳಲ್ಲಿ ಉರ್ದು ನಾಲಿಗೆ ಒಂದೇ 'ಸ'ಕಾರವಾಗಿ ಉಚ್ಚರಿಸುವ ಅಕ್ಷರಗಳೇ ಮೂರು. ಒಂದೇ ಬಗೆಯ ಜಕಾರವಾಗಿ ಉಚ್ಚರಿಸುವವು ನಾಲ್ಕು. ಅರಬ್ಬಿಯಲ್ಲಿ ಅವು ಬೇರೆ ಬೇರೆ. ಆ ಜಕಾರವೇ ಇಲ್ಲದ ಕನ್ನಡದ ನಾಲಿಗೆ 'ಹಜರತ'ರನ್ನು ಕೆಲವೊಮ್ಮೆ 'ಅಜರತ'ರನ್ನಾಗಿ ಮಾಡುತ್ತದೆ. ಹೀಗೆ ಮಗು ಮೊದಲು ಕನ್ನಡದಿಂದ ಉರ್ದುವಿಗೆ, ಮತ್ತೆ ಉರ್ದುವಿನಿಂದ ಅರಬ್ಬಿಗೆ ನಾಲಿಗೆಯನ್ನು ತಿದ್ದಿಕೊಳ್ಳಬೇಕು. ಹೊರಗಿನ ವಿದ್ಯಾವಂತರು ಈ ನಾಜಿರಾ ಓದನ್ನು 'ಅರ್ಥವಿಲ್ಲದ ಗಿಳಿಪಾಠ'ವೆಂದು ತಳ್ಳಿಹಾಕುವುದುಂಟು. ಅದು ಅವಸರದ ತೀರ್ಮಾನ. ವೇದಪಾಠದಲ್ಲಿಯೂ ಸ್ವರಶುದ್ಧಿ ಅರ್ಥಕ್ಕಿಂತ ಮೊದಲು ಬರುತ್ತದೆ. ಧ್ವನಿಯನ್ನು ಕೆಡದಂತೆ ಕಾಯುವುದು ಸ್ವತಃ ಒಂದು ಭಕ್ತಿ, ಒಂದು ಶಿಸ್ತು. ಆದರೆ ಅದರಿಂದ ಅರ್ಥದ ಹಸಿವು ತೀರುವುದಿಲ್ಲ ಎಂಬುದೂ ಅಷ್ಟೇ ನಿಜ. ಆ ಹಸಿವನ್ನು ತೀರಿಸಿದ ಭಾಷೆ ಯಾವುದೆಂದು ಹುಡುಕಹೊರಟರೆ ಮಸೀದಿಯಿಂದ ಹೊರಬಂದು ಅಲಾವಿ ಗುಂಡಿಯ ಸುತ್ತ ನಿಲ್ಲಬೇಕಾಗುತ್ತದೆ.

೩

ಮೊಹರಮ್ಮಿನ ಚಂದ್ರ ಕಂಡ ಮೇಲೆ ಗುದ್ದಲಿ ಹಾಕಿ ಅಲಾವಿ ಗುಂಡಿ ತೋಡುವುದು, ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ಹೊರತೆಗೆದು 'ದೇವರು ಕೂಡ್ರಿಸುವುದು', ಹರಕೆ ಹೊತ್ತವರು ಫಕೀರರಾಗುವುದು, ಹತ್ತನೆಯ ದಿನ 'ದೇವರು ಹೊಳೆಗೆ ಹೋಗುವುದು' ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾಮಾನ್ಯ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಇದು ನಡೆಯುತ್ತದೆ. ಈ ಹತ್ತು ದಿನಗಳಲ್ಲಿ ಮೇಳಗಳು ಹಾಡುವ ಕನ್ನಡ ಹಾಡುಗಳಿಗೆ ರಿವಾಯತ ಪದಗಳೆಂದು ಹೆಸರು. ವಸ್ತು ಬಹುಮಟ್ಟಿಗೆ ಕರ್ಬಲಾ: ಕ್ರಿ.ಶ. ೬೮೦ರಲ್ಲಿ, ಹಿಜರಿ ೬೧ರ ಮೊಹರಮ್ ಹತ್ತರಂದು, ಪ್ರವಾದಿಯವರ ಮೊಮ್ಮಗ ಹುಸೇನರು ತಮ್ಮ ಪರಿವಾರದೊಡನೆ ಯಜೀದನ ಸೈನ್ಯದ ಕೈಯಲ್ಲಿ ಹತರಾದ ಕಥೆ.

ಮೊದಲು ಹೆಸರನ್ನೇ ಗಮನಿಸಬೇಕು. 'ರಿವಾಯತ್' ಎಂದರೆ ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ಹೇಳಿದ ವರದಿ, ನಿವೇದನೆ. ಇದು ಹದೀಸ್ ಶಾಸ್ತ್ರದ ಪಾರಿಭಾಷಿಕ ಪದ. ಹೇಳಿದವನು 'ರಾವಿ', ಯಾರು ಯಾರಿಂದ ಕೇಳಿದರೆಂಬ ಸರಪಳಿ 'ಇಸ್ನಾದ್'. ಅರಬ್ಬೀ ವಿದ್ವತ್ತಿನ ಈ ಗಂಭೀರ ಪದ ಕನ್ನಡದ ಹಳ್ಳಿಯಲ್ಲಿ ಒಂದು ಹಾಡಿನ ಪ್ರಕಾರದ ಹೆಸರಾಗಿ ಉಳಿದಿದೆ. ಹೆಸರಿನೊಡನೆ ಅದರ ಪದ್ಧತಿಯೂ ಒಂದಿಷ್ಟು ಉಳಿದಿದೆ. ಪದದ ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ತನಗೆ ಕಲಿಸಿದ ಉಸ್ತಾದ, ತನ್ನ ಹೆಸರುಗಳನ್ನು ಹೇಳಿ ಮುಗಿಸುವುದುಂಟು. ಸಂಪಾದಕರು ಇದನ್ನು 'ಅಂಕಿತ'ವೆಂದು ಗುರುತಿಸಿ ಕವಿಯ ಕಾಲದೇಶ ನಿರ್ಣಯಕ್ಕೆ ಬಳಸುತ್ತಾರೆ. ಹಾಡುವವರ ಮಟ್ಟಿಗೆ ಅದು ಸರಪಳಿಯ ಕೊನೆಯ ಕೊಂಡಿ: ಈ ಮಾತು ಇಂಥವರಿಂದ ಬಂದದ್ದು, ನಂಬಬಹುದು ಎಂಬ ಸಾಕ್ಷಿ.

ಎರಡನೆಯದು, ಸವಾಲ್-ಜವಾಬು. ಎರಡು ಮೇಳಗಳು ಎದುರುಬದುರಾಗಿ ಹಾಡುವಾಗ ಒಂದು ಮೇಳ ಪ್ರಶ್ನೆ ಹಾಕುತ್ತದೆ, ಇನ್ನೊಂದು ಉತ್ತರಿಸಬೇಕು. ಪರಿವಾರದಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರು ಯಾವಾಗ ರಣಕ್ಕೆ ಹೊರಟರು, ನೀರಿಗೆ ಹೋದವರು ಯಾರು ಎಂಬಂತಹ ಪ್ರಶ್ನೆಗಳಿಗೆ ಉತ್ತರ ತಿಳಿಯದ ಮೇಳ ಸೋಲುತ್ತದೆ. ಇದು ಮನರಂಜನೆಯ ಸ್ಪರ್ಧೆಯೆಂಬುದು ನಿಜ, ಪರೀಕ್ಷೆಯೆಂಬುದೂ ನಿಜ. ಹಿಂದಿನ ವರ್ಷ ಸೋತ ಮೇಳ ಮುಂದಿನ ಮೊಹರಮ್ಮಿನೊಳಗೆ ಉತ್ತರವನ್ನು ಕಲಿತು ಬರಬೇಕಾದರೆ ಬಲ್ಲವರ ಬಳಿ ಹೋಗಿ ಕೂಡ್ರಬೇಕು. ಲಿಖಿತ ಪಠ್ಯವಿಲ್ಲದ ಸಮುದಾಯವೊಂದು ತನ್ನ ತಿಳಿವಳಿಕೆಯನ್ನು ತಾನೇ ಪರಿಶೀಲಿಸಿಕೊಳ್ಳುವ ವ್ಯವಸ್ಥೆಯಿದು.

ಮೂರನೆಯದು, ವಸ್ತುಗಳೇ ಪಠ್ಯವಾಗುವ ಬಗೆ. ಪಂಜಾ ಎಂದರೆ ಹಸ್ತ. ಐದು ಬೆರಳುಗಳಿಗೆ ಐದು ಹೆಸರು: ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್. ಅಕ್ಷರ ಬಾರದ ಮಗು ತನ್ನ ಕೈಯನ್ನು ನೋಡಿಕೊಂಡೇ ಪ್ರವಾದಿಯ ಮನೆತನವನ್ನು ಎಣಿಸಬಲ್ಲುದು. ಪದ ಹಾಡುವಾಗ ಈ ಹೆಸರುಗಳ ನಡುವಿನ ಸಂಬಂಧಗಳು ಕನ್ನಡದ ಬಂಧುವಾಚಕಗಳಲ್ಲಿ ಬರುತ್ತವೆ: ತಾಯಿ, ಅಣ್ಣ, ತಮ್ಮ, ಮೊಮ್ಮಗ, ಅಳಿಯ. ಹುಸೇನರ ಅಣ್ಣನ ಮಗ ಕಾಸಿಮರ ಮದುವೆಯ ಪ್ರಸಂಗ ಹಾಡಾಗುವಾಗ ಆ ಮದುವೆ ಈ ನೆಲದ ಮದುವೆಯಾಗಿಯೇ ನಡೆಯುತ್ತದೆ. ಅರಬಸ್ತಾನದ ಕುಲಚರಿತ್ರೆ ಕೇಳುಗನಿಗೆ ಹೀಗೆ ತನ್ನ ಓಣಿಯ ಮನೆತನದಷ್ಟು ಪರಿಚಿತವಾಗುತ್ತದೆ.

ಭಾಷೆಯ ಮಟ್ಟದಲ್ಲಿ ಇದಕ್ಕೆ ಅತ್ಯಂತ ಅರ್ಥಪೂರ್ಣ ನಿದರ್ಶನ 'ಕತ್ತಲ ರಾತ್ರಿ'. ಒಂಬತ್ತನೆಯ ದಿನದ ಇರುಳಿಗೆ ಮೂಲದಲ್ಲಿ 'ಖತಲ್' ಎಂದು ಹೆಸರು. ಅರಬ್ಬಿಯ ಈ ಪದಕ್ಕೆ ಕೊಲೆ ಎಂದರ್ಥ. ಕನ್ನಡದ ಕಿವಿ ಅದನ್ನು 'ಕತ್ತಲ' ಎಂದು ಕೇಳಿಸಿಕೊಂಡಿತು. ಇದನ್ನು ಅಪಭ್ರಂಶವೆಂದು ಹೇಳಿ ಮುಗಿಸಬಹುದು. ಆದರೆ ಕಲಿಯುವವನ ದೃಷ್ಟಿಯಿಂದ ನೋಡಿದರೆ ಇಲ್ಲಿ ನಡೆದಿರುವುದು ಅನುವಾದ. ಕೊಲೆಯ ಹಿಂದಿನ ಇರುಳನ್ನು, ಬೆಳಗಾದರೆ ಏನಾಗುವುದೆಂದು ಬಲ್ಲವರ ಇರುಳನ್ನು, ಕನ್ನಡದವನು ತನ್ನ ಭಾಷೆಯಲ್ಲಿಯೇ ಇದ್ದ, ಧ್ವನಿಗೂ ಭಾವಕ್ಕೂ ಹೊಂದುವ ಪದದಿಂದ ತಿಳಿದುಕೊಂಡನು. ನಿಘಂಟಿನ ಅರ್ಥ ಹೋಯಿತು. ಸಂದರ್ಭದ ಅರ್ಥ ಉಳಿಯಿತು.

ಇಂತಹ ಕಲಿಕೆ ಈ ಸೀಮೆಗೆ ಮಾತ್ರ ಮೀಸಲಾದುದಲ್ಲ. ವಿಜಾಪುರದ ಸೂಫಿ ಪರಂಪರೆಯ ದಖನಿ 'ಚಕ್ಕಿನಾಮಾ', 'ಚರಖಾನಾಮಾ'ಗಳನ್ನು ರಿಚರ್ಡ್ ಈಟನ್ ೧೯೭೮ರಲ್ಲಿ ಪ್ರಕಟವಾದ ವಿಜಾಪುರದ ಸೂಫಿಗಳ ಕುರಿತ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಬೀಸುವಾಗ, ನೂಲುವಾಗ ಹೆಂಗಸರು ಹಾಡುತ್ತಿದ್ದ ಈ ಹಾಡುಗಳ ಮೂಲಕ ಸೂಫಿ ತತ್ವಗಳು ಹಳ್ಳಿಯ ಮನೆಗಳನ್ನು ಹೊಕ್ಕವು ಎಂಬುದು ಅವರ ನಿಲುವು. ಬೀಸುವ ಕಲ್ಲಿನ ಹಿಡಿಯನ್ನು 'ಅಲಿಫ್' ಅಕ್ಷರಕ್ಕೆ ಹೋಲಿಸುವ ಕಲ್ಪನೆ ಅಲ್ಲಿದೆ. ಕಾಯದಾ ಹಿಡಿಯದ ಹೆಂಗಸು ತಾನು ದಿನವೂ ಹಿಡಿಯುವ ಗೂಟದಲ್ಲಿ ಮೊದಲ ಅಕ್ಷರವನ್ನು ಕಂಡಳು. ದಖನಿಯಲ್ಲಿ ಬೀಸುಕಲ್ಲು ಮಾಡಿದ ಕೆಲಸವನ್ನು ಕನ್ನಡದಲ್ಲಿ ಪಂಜಾ ಮಾಡಿತು. ವ್ಯತ್ಯಾಸವೂ ಇದೆ: ರಿವಾಯತ ಮೇಳ ಬಹುತೇಕ ಗಂಡಸರದು. ಹೆಣ್ಣುಮಕ್ಕಳು ಇಲ್ಲಿ ಕೇಳುಗರಾಗಿ, ಹರಕೆ ಹೊತ್ತವರಾಗಿ ಇದ್ದಾರೆಯೇ ಹೊರತು ಹಾಡಿನ ಯಜಮಾನರಾಗಿ ಇಲ್ಲ. ಈ ಮಿತಿಯನ್ನು ಮರೆಮಾಚಬೇಕಾಗಿಲ್ಲ.

೪

ಹಾಡು ಕಲಿಸುತ್ತದೆಯೆಂಬ ಮಾತಿಗೆ ಈ ಸೀಮೆಯ ದೊಡ್ಡ ನಿದರ್ಶನ ಶಿಶುನಾಳ ಶರೀಫರು (೧೮೧೯–೧೮೮೯). ಶರೀಫರ ಚರಿತ್ರೆಯನ್ನು ಪವಾಡಗಳ ಮಾಲೆಯಾಗಿ ಅಥವಾ ಭಾವೈಕ್ಯದ ದೃಷ್ಟಾಂತವಾಗಿ ಓದುವ ಬದಲು ಒಬ್ಬ ವಿದ್ಯಾರ್ಥಿಯ ಚರಿತ್ರೆಯಾಗಿ ಓದಿದರೆ ಬೇರೊಂದು ಚಿತ್ರ ಕಾಣುತ್ತದೆ. ಪರಂಪರೆ ಹೇಳುವಂತೆ ತಂದೆ ಇಮಾಮ ಸಾಹೇಬರು ಹುಲಗೂರಿನ ಖಾದರ ಶಾ ವಲಿಯವರ ಭಕ್ತರು. ಬಾಲಕ ಶರೀಫನಿಗೆ ಮನೆಯಲ್ಲಿ ರಾಮಾಯಣ, ಮಹಾಭಾರತದ ಕಥೆಗಳೂ ಅಲ್ಲಮಪ್ರಭುವಿನ ವಿಚಾರಗಳೂ ಪರಿಚಯವಾದವು. ಮುಂದೆ ಕೂಲಿಮಠದ ಓದು, ಮುಲ್ಕಿ ಪರೀಕ್ಷೆ, ಕೆಲಕಾಲ ಕನ್ನಡ ಸಾಲಿಯ ಮಾಸ್ತರಿಕೆ. ಆಮೇಲೆ ಕುಂದಗೋಳ ಸೀಮೆಯ ಕಳಸದ ಗೋವಿಂದಭಟ್ಟರ ಶಿಷ್ಯತ್ವ.

ಇಲ್ಲಿ ಮನೆ, ದರ್ಗಾ, ಕೂಲಿಮಠ, ಗುರು ಎಂಬ ನಾಲ್ಕು ಶಾಲೆಗಳಿವೆ. ಮುಂಬಯಿ ಇಲಾಖೆಯ ಈ ಭಾಗದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂತಹವರ ಶ್ರಮದಿಂದ ಕನ್ನಡ ಶಾಲೆಗಳು ಬೇರೂರುತ್ತಿದ್ದ ಶತಮಾನವದು. ಆ ಶತಮಾನದಲ್ಲಿ ಒಬ್ಬ ಮುಸ್ಲಿಂ ಮಾಸ್ತರ ಮಕ್ಕಳಿಗೆ ಕನ್ನಡ ಕಾಗುಣಿತ ಕಲಿಸುತ್ತಿದ್ದ ಎಂಬ ಸಂಗತಿ, ಆತನಿಗೆ ಜನಿವಾರ ಹಾಕಲಾಯಿತೆಂಬ ಐತಿಹ್ಯಕ್ಕಿಂತ ಕಡಿಮೆ ಮಹತ್ವದ್ದಲ್ಲ. ಆದರೆ ವಿಮರ್ಶೆ ಎರಡನೆಯದನ್ನೇ ಹೆಚ್ಚು ಎತ್ತಿ ಹೇಳಿದೆ.

'ಭಾವೈಕ್ಯ' ಎಂಬ ಪರಿಕಲ್ಪನೆಯ ತೊಡಕು ಇಲ್ಲಿದೆ. ಅದು ಈಗಾಗಲೇ ಪೂರ್ಣಗೊಂಡ ಎರಡು ಧರ್ಮಗಳು ಒಂದು ಬಿಂದುವಿನಲ್ಲಿ ಕೂಡುವುದನ್ನು ಊಹಿಸುತ್ತದೆ. ನವಲಗುಂದ ತಾಲೂಕಿನ ಯಮನೂರಿನಲ್ಲಿ ಒಬ್ಬನೇ ಸಂತ ಒಬ್ಬರಿಗೆ ಚಾಂಗದೇವ, ಇನ್ನೊಬ್ಬರಿಗೆ ರಾಜಾಬಾಗಸವಾರ ಎಂಬುದನ್ನು ವಿವರಿಸಲು ಈ ಪರಿಕಲ್ಪನೆ ಸಾಕಾಗಬಹುದು. ಆದರೆ ಕಲಿಯುವವನು ಪೂರ್ಣಗೊಂಡವನಲ್ಲ. ಅವನಿಗೆ ಯಾವುದು 'ತನ್ನದು', ಯಾವುದು 'ಅನ್ಯ' ಎಂಬುದು ಮೊದಲೇ ಗೊತ್ತಿರುವುದಿಲ್ಲ. ಇರುವುದು ಪ್ರಶ್ನೆ ಮತ್ತು ಕೈಗೆ ಸಿಕ್ಕ ಭಾಷೆ. ಶರೀಫರು ಸೋರುವ ಮಾಳಿಗೆಯನ್ನು, ಜಾರಿ ಬೀಳುವ ಮುದುಕಿಯನ್ನು, ತಿರುಗುವ ಗಿರಣಿಯನ್ನು ತತ್ವದ ಪಾಠಕ್ಕೆ ತೆಗೆದುಕೊಂಡುದು ಕಾವ್ಯದ ಚಮತ್ಕಾರಕ್ಕಾಗಿ ಮಾತ್ರವಲ್ಲ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಶರೀರದ ನಶ್ವರತೆಯನ್ನು ಹೇಳಲು ಅದಕ್ಕಿಂತ ನಿಖರವಾದ ಪಾಠ್ಯಪುಸ್ತಕ ಇರಲಿಲ್ಲ.

ಶರೀಫರು ಅಲಾವಿ ಪದಗಳನ್ನೂ ಕಟ್ಟಿದ್ದಾರೆ. ಆದರೆ ಸುಗಮ ಸಂಗೀತದ ಮೂಲಕ, ವಿಶೇಷವಾಗಿ ಸಿ. ಅಶ್ವಥ್ ಅವರ ಗಾಯನದ ಮೂಲಕ, ಮತ್ತು ೧೯೯೦ರಲ್ಲಿ ತೆರೆಕಂಡ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರದ ಮೂಲಕ ನಾಡಿನ ತುಂಬ ಪರಿಚಿತವಾದ ಶರೀಫರು ತತ್ವಪದಗಳ ಶರೀಫರು. ಕರ್ಬಲಾದ ಶೋಕವನ್ನು ಕನ್ನಡದಲ್ಲಿ ಹಾಡಿದ ಶರೀಫರು ಆ ಪ್ರಮಾಣದಲ್ಲಿ ಪರಿಚಿತರಲ್ಲ. ಈ ಆಯ್ಕೆಯ ಪರಿಣಾಮವಾಗಿ ಶರೀಫರು ಎಲ್ಲರವರಾದರು. ಆದರೆ ಒಬ್ಬ ಮುಸ್ಲಿಂ ಬಾಲಕನಿಗೆ ಅವನ ಧರ್ಮದ ಕಥೆಯನ್ನು ಅವನ ಭಾಷೆಯಲ್ಲಿ ಹೇಳಿದ ಗುರುವಾಗಿ ಅವರು ಹಿನ್ನೆಲೆಗೆ ಸರಿದರು.

ಜನರ ಭಾಷೆ ಮಾತ್ರ ಇದನ್ನು ಮರೆತಿಲ್ಲ. ಈ ಸೀಮೆಯಲ್ಲಿ ಅವರು 'ಶರೀಫಜ್ಜ'. ಅರಬ್ಬಿಯ 'ಶೇಖ್' ಎಂದರೆ ಹಿರಿಯ, ವೃದ್ಧ. ಪಾರಸಿಯ 'ಪೀರ್' ಎಂದರೂ ವೃದ್ಧನೇ. ಕನ್ನಡದ 'ಅಜ್ಜ' ಇವೆರಡರ ನೇರ ಅನುವಾದ. ಯಾವ ವಿದ್ವಾಂಸನೂ ಕುಳಿತು ಮಾಡದ ಈ ಅನುವಾದವನ್ನು ಭಕ್ತರ ನಾಲಿಗೆ ಮಾಡಿದೆ.

೫

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಅದು ಮುಸ್ಲಿಂ ಸಮುದಾಯದ ಒಳಗಿನಿಂದಲೇ ಬಂದದ್ದು. ಕಾಸಿಮರ ಮದುವೆಯಂತಹ ಪ್ರಸಂಗಗಳು ಇತಿಹಾಸದಲ್ಲಿ ನಿಲ್ಲುವುದಿಲ್ಲ, ಪಂಜಾವನ್ನು 'ದೇವರು' ಎನ್ನುವುದು ಏಕದೇವತತ್ವಕ್ಕೆ ಒಪ್ಪುವುದಿಲ್ಲ, ಅಲಾವಿ ಕುಣಿತ ಧರ್ಮವಲ್ಲ ಎಂಬುದು ಆ ಆಕ್ಷೇಪ. ಇಪ್ಪತ್ತನೆಯ ಶತಮಾನದ ಸುಧಾರಣಾವಾದಿ ಚಳುವಳಿಗಳು ಇದನ್ನು ಹಳ್ಳಿಗಳವರೆಗೆ ತಲುಪಿಸಿದವು. ಅವುಗಳ ಶಕ್ತಿಯನ್ನು ಜಾನಪದ ವಿದ್ವಾಂಸರು ಲಘುವಾಗಿ ಕಾಣಬಾರದು. ಅವು ಕೂಡ ಆರಂಭಿಕರನ್ನೇ ಗಮನದಲ್ಲಿ ಇಟ್ಟುಕೊಂಡವು. ಅಶ್ರಫ್ ಅಲಿ ಥಾನವಿಯವರು ಹೆಣ್ಣುಮಕ್ಕಳಿಗಾಗಿ ಬರೆದ ಉರ್ದು ಗ್ರಂಥ 'ಬಿಹಿಶ್ತೀ ಜೇವರ್' ಅಕ್ಷರಮಾಲೆಯಿಂದ ತೊಡಗಿ, ಪತ್ರ ಬರೆಯುವುದನ್ನು ಕಲಿಸಿ, ನಂಬಿಕೆ ಮತ್ತು ಆಚರಣೆಯ ನಿಯಮಗಳವರೆಗೆ ಸಾಗುತ್ತದೆ. ೧೯೨೦ರ ದಶಕದಲ್ಲಿ ಮೇವಾತದಲ್ಲಿ ಆರಂಭವಾದ ತಬ್ಲೀಗಿ ಜಮಾತಿನ ಮೊದಲ ಕಾಳಜಿ ಕಲಿಮಾ ಮತ್ತು ನಮಾಜುಗಳನ್ನು ಸರಿಯಾಗಿ ಕಲಿಸುವುದೇ ಆಗಿತ್ತು.

ರಿವಾಯತ ಪದಗಳು ಕೊಡದಿರುವುದನ್ನು ಇವು ಕೊಟ್ಟವು ಎಂಬುದನ್ನು ಒಪ್ಪಬೇಕು. ಪದದಲ್ಲಿ ಕಥೆಯಿದೆ, ನೀತಿಯಿದೆ, ಅನ್ಯಾಯದ ಎದುರು ತಲೆಬಾಗದ ಹುಸೇನರ ಮಾದರಿಯಿದೆ. ವುಜೂ ಮಾಡುವ ಕ್ರಮ, ಜಕಾತಿನ ಲೆಕ್ಕ, ವಾರಸುದಾರಿಕೆಯ ವಿಧಿ ಅಲ್ಲಿಲ್ಲ. ಶಾಸ್ತ್ರವನ್ನು ಹಾಡಿನಲ್ಲಿ ಹುಡುಕುವುದು ಹಾಡಿಗೂ ಶಾಸ್ತ್ರಕ್ಕೂ ನ್ಯಾಯವಲ್ಲ. ಹದೀಸ್ ವಿದ್ವಾಂಸರೇ 'ರಿವಾಯತ್' ಮತ್ತು 'ದಿರಾಯತ್' ಎಂದು ಎರಡು ವಿಭಾಗ ಮಾಡಿದ್ದಾರೆ: ಒಂದು ಸಾಗಿ ಬಂದ ವರದಿ, ಇನ್ನೊಂದು ಅದನ್ನು ಅರಿತು ತೂಗಿ ನೋಡುವ ವಿವೇಕ. ಹಳ್ಳಿಯ ಪದಗಳು ಮೊದಲನೆಯದರ ಹೆಸರನ್ನು ಮಾತ್ರ ಹೊತ್ತಿವೆ. ಎರಡನೆಯದನ್ನು ಕೇಳುವ ಹಕ್ಕು ಆಕ್ಷೇಪಿಸುವವರಿಗಿದೆ.

ಆದರೆ ಆಕ್ಷೇಪದ ಜೊತೆಗೆ ಸದ್ದಿಲ್ಲದೆ ಇನ್ನೊಂದು ಗ್ರಹಿಕೆಯೂ ಬೇರೂರಿತು: ಕನ್ನಡದಲ್ಲಿದ್ದುದು ಜಾನಪದ, ಉರ್ದುವಿನಲ್ಲಿದ್ದುದು ಧರ್ಮ ಎಂಬುದು. ಇದನ್ನು ಒಪ್ಪಲಾಗದು. ಈ ಸೀಮೆಯ ಮುಸ್ಲಿಮರು ಬಳಸುವ ಧರ್ಮದ ಪದಗಳನ್ನೇ ಪರಿಶೀಲಿಸಬಹುದು. ನಮಾಜು, ರೋಜಾ, ಖುದಾ, ಪೈಗಂಬರ, ಪೀರ, ದರ್ಗಾ, ಬಾಂಗು ಇವು ಯಾವುವೂ ಅರಬ್ಬೀ ಪದಗಳಲ್ಲ, ಪಾರಸಿ ಪದಗಳು. ಅರಬ್ಬಿಯ ಸಲಾತ್ ಪಾರಸಿಯಲ್ಲಿ ನಮಾಜು ಆಯಿತು, ಸೌಮ್ ರೋಜಾ ಆಯಿತು, ಅಜಾನ್ ಬಾಂಗು ಆಯಿತು. ಇಸ್ಲಾಂ ಈ ನೆಲಕ್ಕೆ ಬರುವ ಮೊದಲೇ ಒಮ್ಮೆ ಅನುವಾದಗೊಂಡಿತ್ತು. ಪಾರಸಿ ಅನುವಾದಿಸಿ ಕೊಟ್ಟಾಗ ಧರ್ಮ ಕೆಡಲಿಲ್ಲವೆಂದಾದರೆ, ಫಾತೆಹಾ 'ಓದಿಕೆ'ಯಾದಾಗ, ಪೀರ 'ಅಜ್ಜ'ನಾದಾಗ ಕೆಟ್ಟಿತೆನ್ನಲು ಆಧಾರವಿಲ್ಲ. ಕನ್ನಡ ಮಾಡಿದ್ದು ಪಾರಸಿ ಮಾಡಿದ ಕೆಲಸದ ಮುಂದುವರಿಕೆ.

ಇದೇ ಗ್ರಹಿಕೆಯನ್ನು ಸಮುದಾಯದ ಹೊರಗಿನವರೂ ಪೋಷಿಸಿದ್ದಾರೆ. ಮುಸ್ಲಿಮನ ಭಾಷೆ ಉರ್ದು ಎಂದು ಭಾವಿಸುವ ಕನ್ನಡಿಗನೂ, ಕನ್ನಡದಲ್ಲಿ ಧರ್ಮವಿಲ್ಲವೆಂದು ಭಾವಿಸುವ ಮುಸ್ಲಿಮನೂ ಒಂದೇ ಗೋಡೆಯ ಎರಡು ಬದಿಗೆ ನಿಂತವರು. ಇವರಿಬ್ಬರ ನಡುವೆ ಸಿಕ್ಕಿಕೊಳ್ಳುವುದು ನದಾಫರ ಮನೆಯ ಕನ್ನಡ ಮಾತಿನ ಮಗು. ಮನೆಮಾತು ಕನ್ನಡವೆಂಬ ಕಾರಣಕ್ಕೆ ಅದು ಒಂದು ಕಡೆ ಅರೆ ಮುಸ್ಲಿಂ, ಮುಸ್ಲಿಂ ಎಂಬ ಕಾರಣಕ್ಕೆ ಇನ್ನೊಂದು ಕಡೆ ಅರೆ ಕನ್ನಡಿಗ ಎನಿಸಿಕೊಳ್ಳುವ ಅಪಾಯವಿದೆ. ರಿವಾಯತ ಪದಗಳನ್ನು ಧರ್ಮಪಾಠವೆಂದು ಗುರುತಿಸುವುದರ ಅಗತ್ಯ ಇರುವುದು ಇಲ್ಲಿಯೇ. ಕನ್ನಡದಲ್ಲಿ ಮುಸ್ಲಿಮನಾಗಿರುವುದು ಹೊಸ ರಿಯಾಯಿತಿಯಲ್ಲ, ಹಳೆಯ ಅಭ್ಯಾಸ ಎಂಬುದಕ್ಕೆ ಅವು ದಾಖಲೆ.

ಮಂಗಳೂರಿನ ಶಾಂತಿ ಪ್ರಕಾಶನದಂತಹ ಸಂಸ್ಥೆಗಳ ಮೂಲಕ ಕುರ್‌ಆನಿನ ಕನ್ನಡ ಅನುವಾದವೂ ಇಸ್ಲಾಮಿನ ಕುರಿತ ಕನ್ನಡ ಪುಸ್ತಕಗಳೂ ಈಗ ದೊರೆಯುತ್ತವೆ. ಸುಧಾರಣೆಯ ಧಾರೆಯೇ ಕನ್ನಡಕ್ಕೆ ಬಂದಿದೆ. ಇದನ್ನು ಜಾನಪದದ ಸೋಲೆಂದು ನೋಡಬೇಕಾಗಿಲ್ಲ. ಹಾಡು ಆರಂಭಿಸಿದ ಕೆಲಸವನ್ನು ಗದ್ಯ ಮುಂದುವರಿಸಿದೆ. ತನಗಿಂತ ಮೊದಲು ಹಾಡಿತ್ತೆಂಬುದನ್ನು ಆ ಗದ್ಯ ನೆನೆಯುವುದು ಅಪರೂಪ, ಅಷ್ಟೆ.

೬

ಕೊನೆಯದಾಗಿ, ಈ ಪದಗಳನ್ನು ಸಂಗ್ರಹಿಸುವ, ಸಂಪಾದಿಸುವ ವಿಧಾನದ ಪ್ರಶ್ನೆ. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಮೊದಲಾದ ಅಧ್ಯಯನಗಳು ಈ ಪರಂಪರೆಗಳನ್ನು ಅವುಗಳ ಸಾಮಾಜಿಕ ಸಂದರ್ಭದಲ್ಲಿಟ್ಟು ನೋಡುವ ದಾರಿ ತೆರೆದಿವೆ. ಆದರೂ ರಿವಾಯತ ಪದವನ್ನು ಭಾವಗೀತೆಯಂತೆ ಅಚ್ಚು ಮಾಡುವ ಅಭ್ಯಾಸ ಪೂರ್ತಿ ಹೋಗಿಲ್ಲ. ಕಣ್ಣೀರು ತರಿಸುವ ಪ್ರಸಂಗಗಳು ಸಂಕಲನಕ್ಕೆ ಸೇರುತ್ತವೆ. ಹೆಸರುಗಳ ಪಟ್ಟಿ, ಸಂಬಂಧಗಳ ಲೆಕ್ಕ, ಸವಾಲಿನ ನುಡಿಗಳು 'ಕಾವ್ಯಗುಣವಿಲ್ಲದವು' ಎಂದು ಹಿಂದುಳಿಯುತ್ತವೆ. ಕಲಿಕೆಯ ದೃಷ್ಟಿಯಿಂದ ಮುಖ್ಯವಾದುವು ಅವೇ.

ಪಾಠದ ಶುದ್ಧೀಕರಣವೂ ಇದೇ ಬಗೆಯ ಸಮಸ್ಯೆ. ಹಾಡುಗಾರನ 'ಕತ್ತಲ ರಾತ್ರಿ'ಯನ್ನು 'ಖತಲ್ ರಾತ್ರಿ' ಎಂದು ತಿದ್ದುವ ಸಂಪಾದಕ ಅರಬ್ಬಿಗೆ ನ್ಯಾಯ ಒದಗಿಸಿ ಕಲಿತವನಿಗೆ ಅನ್ಯಾಯ ಮಾಡುತ್ತಾನೆ. ಮೂಲವನ್ನು ಹೇಳದೆ 'ಕತ್ತಲ' ಎಂದಷ್ಟೇ ಬಿಡುವ ಸಂಪಾದಕ ಪದ ಸಾಗಿಬಂದ ದಾರಿಯನ್ನೇ ಅಳಿಸುತ್ತಾನೆ. ಎರಡೂ ರೂಪಗಳನ್ನು ಇಟ್ಟು, ಒಂದರಿಂದ ಇನ್ನೊಂದಕ್ಕೆ ಕಿವಿ ನಡೆದ ಹೆಜ್ಜೆಯನ್ನು ತೋರಿಸುವುದು ಸಂಪಾದನೆಯ ಕರ್ತವ್ಯ. ಅಂಕಿತದ ನುಡಿಯಲ್ಲಿ ಬರುವ ಉಸ್ತಾದರ ಹೆಸರುಗಳನ್ನು ಊರೂರಿಗೆ ಜೋಡಿಸಿ ನೋಡಿದರೆ ಯಾವ ಮೇಳ ಯಾರಿಂದ ಕಲಿಯಿತೆಂಬ ನಕ್ಷೆಯೊಂದು ತಾನಾಗಿಯೇ ಮೂಡೀತು. ಶರೀಫರು ಹುಟ್ಟಿದ ಶಿಗ್ಗಾವಿ ತಾಲೂಕಿನಲ್ಲಿಯೇ, ಗೊಟಗೋಡಿಯಲ್ಲಿ, ೨೦೧೧ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಇಂತಹ ನಕ್ಷೆಗೆ ಬೇಕಾದ ಕ್ಷೇತ್ರ ಅದರ ಸುತ್ತಲೇ ಇದೆ. ಹಾಡುವವರಿಗೆ ವಯಸ್ಸಾಗುತ್ತಿದೆ ಎಂಬುದೂ ಅದಕ್ಕೆ ತಿಳಿಯದ ವಿಷಯವಲ್ಲ.

ಹೀಗೆ ಮಾಡಿದಾಗ ರಿವಾಯತ ಪದ ಉತ್ಸವದ ವೇದಿಕೆಯ ಮೇಲೆ ಹತ್ತು ನಿಮಿಷ ಪ್ರದರ್ಶನಗೊಳ್ಳುವ ಕಲೆಯಾಗಿ ಮಾತ್ರ ಉಳಿಯದೆ, ತಿಳಿವಳಿಕೆಯ ಒಂದು ಪರಂಪರೆಯಾಗಿ ಕಾಣಿಸಿಕೊಳ್ಳುತ್ತದೆ. ಅದರ ತಪ್ಪುಗಳೂ ಆಗ ಮುಖ್ಯವಾಗುತ್ತವೆ. ಕಲಿಯುವವನ ತಪ್ಪಿನಲ್ಲಿಯೇ ಅವನು ಏನನ್ನು ತಿಳಿಯಲು ಹೊರಟಿದ್ದನೆಂಬುದು ಗೊತ್ತಾಗುತ್ತದೆ.

ಶಲವಡಿಯಂತಹ ಊರಿನಲ್ಲಿ ಕಾಯದಾ ಹಿಡಿದು ಕುಳಿತ ಹುಡುಗನಿಗೆ ಅಲಿಫ್ ಅಕ್ಷರವನ್ನು ಹಜರತರು ಕಲಿಸುತ್ತಾರೆ. ಹುಸೇನರು ಯಾರು, ಏಕೆ ತಲೆಬಾಗಲಿಲ್ಲ, ನೀರಿಗೆ ಹೋದ ಅಬ್ಬಾಸರು ಏಕೆ ಹಿಂದಿರುಗಲಿಲ್ಲ ಎಂಬುದನ್ನು ಅಲಾವಿಯ ಸುತ್ತ ನಿಂತ ಮೇಳ ಕನ್ನಡದಲ್ಲಿ ಹೇಳಿದೆ. ಮೊದಲನೆಯದು ಓದು, ಎರಡನೆಯದು ರಿವಾಯತು. ಧಾರವಾಡ ಸೀಮೆಯ ಮುಸ್ಲಿಮನ ಧರ್ಮಜ್ಞಾನ ಈ ಎರಡರಿಂದಲೂ ಆದುದು. ಒಂದನ್ನು ಧರ್ಮವೆಂದು, ಇನ್ನೊಂದನ್ನು ಬರಿಯ ಜಾನಪದವೆಂದು ಬೇರ್ಪಡಿಸುವವರೆಗೆ ನಮ್ಮ ವಿಮರ್ಶೆ ಆ ಹುಡುಗನ ಅರ್ಧ ಪಾಠವನ್ನು ಮಾತ್ರ ಓದಿರುತ್ತದೆ.